ಬೇಲೂರಿನ ನೀರು, ಕೋಲಾರದ ಚಿನ್ನ

ಬೇಲೂರಿನ ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಹೀಗೆ ಹೊರಟ ನೀರು ಒಂದು ಕಾಲಕ್ಕೆ ಕೋಲಾರದಲ್ಲಿ ಚಿನ್ನದ ಅದಿರು ಕುಟ್ಟುತ್ತಿತ್ತು ಎಂದರೆ ಬೇಲೂರಿನವರೇ ನಂಬಲಿಕ್ಕಿಲ್ಲ. ನಡುವೆ ಇದ್ದದ್ದು ಕಾವೇರಿಯ ಶಿವನಸಮುದ್ರ ಜಲಪಾತದ ವಿದ್ಯುದಾಗಾರ. ಅದರ ಮೊದಲ ಗಿರಾಕಿ ಚಿನ್ನದ ಗಣಿ.

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪನಿಯವರ ಗಣಿಗಳು ಹಬೆ ಯಂತ್ರಗಳನ್ನು ನಂಬಿದ್ದವು. ಅವಕ್ಕೆ ಕಲ್ಲಿದ್ದಲು ದೂರದಿಂದ ಬರಬೇಕು; ಗಣಿ ಆಳಕ್ಕಿಳಿದಷ್ಟೂ ಖರ್ಚು ಮೇಲೇರುತ್ತಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಪುಕ್ಕಟೆಯಾಗಿ ಧುಮುಕುತ್ತಿದ್ದಳು. ಮೈಸೂರು ಸಂಸ್ಥಾನದ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎಂಜಿನಿಯರ್ ಲೋಟ್ಬಿನಿಯೇರ್ ಆ ನೀರಿನಿಂದ ವಿದ್ಯುತ್ ತೆಗೆಯುವ ಯೋಜನೆ ಹಾಕಿದರು. ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು. ಮದ್ದೂರು ರೈಲು ನಿಲ್ದಾಣದಿಂದ ಯಂತ್ರಗಳನ್ನು ಆನೆ, ಕುದುರೆ ಕಟ್ಟಿ ಎಳೆಸಿದರಂತೆ. ಶಿವನಸಮುದ್ರದ ಕತೆ ಹೇಳುವವರು ಯಾರೂ ಈ ಆನೆಗಳನ್ನು ಬಿಡುವುದಿಲ್ಲ.

1902ರ ಜೂನ್ 30ರಂದು ಕರೆಂಟು 147 ಕಿ.ಮೀ. ದೂರದ ಗಣಿಗೆ ಮುಟ್ಟಿತು. ಅಷ್ಟುದ್ದದ ವಿದ್ಯುತ್ ಮಾರ್ಗ ಆಗ ಪ್ರಪಂಚದಲ್ಲೇ ಅಪರೂಪ. ಅದನ್ನು ನೋಡಲು ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ವಿದ್ಯುದಾಗಾರದ ಜಾಗವನ್ನು ಸುತ್ತಲಿನವರು ಇಂದಿಗೂ ‘ಬ್ಲಫ್’ ಎಂದೇ ಕರೆಯುತ್ತಾರೆ. ಕಾಲುವೆಯ ನೀರು ಗುಡ್ಡದ ನೆತ್ತಿಯಿಂದ ಕಬ್ಬಿಣದ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗಿಳಿದು ಟರ್ಬೈನಿಗೆ ಬಡಿಯುತ್ತದೆ.  ಇಲ್ಲಿ ಹುಟ್ಟುತ್ತಿದ್ದದ್ದು ಸೆಕೆಂಡಿಗೆ 25 ಸೈಕಲ್ಲಿನ ವಿದ್ಯುತ್ತು. ಗಣಿಯಲ್ಲಿರುವಂಥ ನಿಧಾನ ತಿರುಗುವ ದೊಡ್ಡ ಮೋಟಾರುಗಳಿಗೆ ಅದು ಒಗ್ಗುತ್ತದೆ. ದೀಪ ಮಾತ್ರ ಕಣ್ಣಿಗೆ ಕಾಣುವಂತೆ ಮಿಣುಕುತ್ತದೆ. ಯಾರ ಅಗತ್ಯಕ್ಕೆ ಇದನ್ನು ಕಟ್ಟಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಗಣಿಗೆ ಕೊಟ್ಟ ಮೂರು ವರ್ಷಕ್ಕೆ. ಆದರೂ ನಾವು ಸಂಭ್ರಮದಿಂದ ನೆನೆಯುವುದು ಆ ಬೀದಿದೀಪಗಳನ್ನು. ರಾಜಧಾನಿ ಮೈಸೂರಂತೂ 1908ರವರೆಗೆ ಕಾಯಬೇಕಾಯಿತು.

ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೆ ಕೊಟ್ಟ ಮಾತು ತಪ್ಪುವ ಭಯ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಇದೂ ಒಂದು ದೊಡ್ಡ ಕಾರಣ. ಆ ಕಟ್ಟೆಯ ನೀರುಣ್ಣುವ ಮಂಡ್ಯದ ಗದ್ದೆಗಳ ಮಾತಾಡುವವರು ಕೋಲಾರವನ್ನು ಸಾಮಾನ್ಯವಾಗಿ ಮರೆತೇಬಿಡುತ್ತಾರೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ವಿದ್ಯುದಾಗಾರ ಮುಚ್ಚಲಿಲ್ಲ, 42 ಮೆಗಾವಾಟ್ ಸಾಮರ್ಥ್ಯದ ಅದು ಈಗ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ.