ಸ್ಥಿತಿಸ್ಥಾಪಕ ಶಬ್ದದ ಪೂರ್ವವೃತ್ತಾಂತ

ಎಳೆದರೆ ಹಿಗ್ಗಿ, ಬಿಟ್ಟೊಡನೆ ಮುನ್ನಿನ ಆಕಾರಕ್ಕೆ ಮರಳುವ ಘನವಸ್ತುಗಳ ಧರ್ಮವನ್ನು ಕನ್ನಡದ ಭೌತಶಾಸ್ತ್ರಗ್ರಂಥಗಳು ‘ಸ್ಥಿತಿಸ್ಥಾಪಕತ್ವ’ವೆಂದು ಕರೆಯುವುವು. ಇದು ಪಾಠಪುಸ್ತಕಗಳಿಗಾಗಿ ಹೊಸತಾಗಿ ಟಂಕಿಸಿದ ಶಬ್ದವಲ್ಲ. ವೈಶೇಷಿಕರು ಎಣಿಸಿದ 24 ಗುಣಗಳಲ್ಲಿ ಸಂಸ್ಕಾರವು ಒಂದು. ಅದು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ತ್ರಿವಿಧವಾದುದು. ಪ್ರಶಸ್ತಪಾದಾಚಾರ್ಯರು ಪದಾರ್ಥಧರ್ಮಸಂಗ್ರಹದಲ್ಲಿ ಬಿಲ್ಲು, ಕೊಂಬೆ, ಕೋಡು, ದಂತ, ಎಲುಬು, ನೂಲು, ವಸ್ತ್ರ ಇವುಗಳನ್ನು ಬಾಗಿಸಿದಾಗ ಅಥವಾ ಸುತ್ತಿದಾಗ ಇದರ ಕಾರ್ಯವು ತೋರುವುದೆಂದಿರುವರು. ಅವಯವಗಳು ನಿಬಿಡವಾಗಿ ಸೇರಿ, ಕೆಲಕಾಲ ಬಾಳತಕ್ಕ ದ್ರವ್ಯಗಳಲ್ಲಿಯೇ ಇದಿರುವುದೆಂಬ ಅವರ ನಿರ್ಬಂಧವು ವಿಶೇಷವಾಗಿ ಗಮನಾರ್ಹವಾದುದು. ಗುಣಕ್ಕೆ ಕಾರಣವನ್ನು ವಸ್ತುವಿನ ಒಳರಚನೆಯಲ್ಲಿ ಅರಸಿದ ದೃಷ್ಟಿಯಿದು. ಇದು ಪೃಥ್ವಿಯಲ್ಲಿ ಮಾತ್ರವೇ, ನಾಲ್ಕು ಭೂತಗಳಲ್ಲಿಯೂ ಉಂಟೇ ಎಂಬ ವಿವಾದವು ಮುಂದೆ ವಿಶ್ವನಾಥಪಂಚಾನನರ ಗ್ರಂಥದವರೆಗೂ ಬಂದಿತು.

ಇಷ್ಟರಿಂದ ಹುಕ್ಕನ ನಿಯಮವು ನಮ್ಮವರಿಗೆ ಮೊದಲೇ ತಿಳಿದಿದ್ದಿತೆನ್ನುವ ಮಾತನ್ನು ನಾನು ಒಪ್ಪಲಾರೆನು. ಇಂಗ್ಲೆಂಡಿನ ರಾಬರ್ಟ್ ಹುಕ್ಕನು ತನ್ನ ಸೂತ್ರದ ಅಕ್ಷರಗಳನ್ನು ಅಕಾರಾದಿಯಾಗಿ ಕದಡಿ 1676ರಲ್ಲಿ ಒಗಟಾಗಿ ಅಚ್ಚುಮಾಡಿಸಿ, 1678ರಲ್ಲಿ ಅದನ್ನು ಬಿಡಿಸಿದನು. ತಂತಿಯ ಸುರುಳಿಗೆ ತೂಕವನ್ನು ತೂಗಿಬಿಟ್ಟು, ಭಾರವು ಇಮ್ಮಡಿಸಿದರೆ ಹಿಗ್ಗೂ ಇಮ್ಮಡಿಸುವುದೆಂದು ಅಳೆದು ಕಂಡವನು ಆತನು. ಆಚಾರ್ಯರ ವಾಕ್ಯದಲ್ಲಿ ಮರಳುವ ಮಾತುಂಟು. ಎಷ್ಟು ಬಲಕ್ಕೆ ಎಷ್ಟು ಬಾಗುವುದೆಂಬ ಮಾತಿಲ್ಲ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ನಾವು ಚಾಪೆಯ ಮೇಲೆಯೇ ಕುಳಿತು ಅಲ್ಲಿಯ ಚಾಪೆಯ ಉದಾಹರಣೆಯನ್ನು ಕಂಠಸ್ಥಮಾಡಿದೆವು. ಎದ್ದು ಅದನ್ನು ಸುತ್ತಿ ಬಿಟ್ಟುನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.