ಉಲ್ಕೆಯ ಹೂವಿಗೆ ಮೂರು ನಾಮಕರಣ

ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ವಸಂತಕ್ಕೆ ಅರಳುವ ಈ ಹೂವನ್ನು ಅಲ್ಲಿಯವರು 'ಶೂಟಿಂಗ್ ಸ್ಟಾರ್', ಎಂದರೆ ಉಲ್ಕೆ, ಎನ್ನುತ್ತಾರೆ. ತಲೆ ಬಾಗಿದ ಹೂ. ಐದು ದಳಗಳೂ ಹಿಂದಕ್ಕೆ ಮಡಿಚಿ, ಕೇಸರಗಳು ಕೊಕ್ಕಿನಂತೆ ನೆಲದತ್ತ ಚಾಚಿರುತ್ತವೆ. ಚಳಿ ತಾಗದೆ ಬೀಜ ಮೊಳೆಯದು, ಹೂವಿಗೆ ಹಲವು ವರ್ಷ ಕಾಯಬೇಕು. ಬೇಸಗೆಯಲ್ಲಿ ಎಲೆಯೆಲ್ಲ ಒಣಗಿದಾಗ, ಬೇರು ಬದುಕಿದ್ದರೂ, ಗಿಡ ಸತ್ತಿತೆಂದು ಹೊಸಬರು ಕೈಬಿಡುವುದುಂಟು.

ನನಗೆ ಇದರ ಹೆಸರಿನ ಕಥೆ ಇನ್ನೂ ಸ್ವಾರಸ್ಯವೆನಿಸುತ್ತದೆ. ಮಾರ್ಕ್ ಕೇಟ್ಸ್‌ಬಿ ಎಂಬ ಇಂಗ್ಲಿಷ್ ನಿಸರ್ಗತಜ್ಞನು ತನ್ನ ಪೋಷಕ, ಲಂಡನ್ನಿನ ವೈದ್ಯ ರಿಚರ್ಡ್ ಮೀಡ್‌ನ ಗೌರವಾರ್ಥ ಇದನ್ನು 'ಮೀಡಿಯ' ಎಂದು ಕರೆದನು. ಸಸ್ಯಶಾಸ್ತ್ರಿಯಲ್ಲದವನ ಹೆಸರು ಕುಲಕ್ಕೆ ಸಲ್ಲದೆಂದು ಸ್ವೀಡನ್ನಿನ ಲಿನೇಯಸ್, 1753ರಲ್ಲಿ, ಹನ್ನೆರಡು ದೇವತೆಗಳೆಂಬ ಅರ್ಥದ 'ಡೋಡೆಕಾಥಿಯಾನ್' ಎಂದಿಟ್ಟನು. ವೈದ್ಯನನ್ನು ಬಾಲಕ್ಕೆ ತಳ್ಳಿದನು. 2007ರಲ್ಲಿ ದೇವತೆಗಳೂ ಹೋದರು. ಈಗ ಅದು 'ಪ್ರಿಮುಲಾ ಮೀಡಿಯ'.