ಸುಂದರಬನ: ಹವಾಮಾನ ಬದಲಾವಣೆ ಮತ್ತು ಮಾನಸಿಕ ಆರೋಗ್ಯ

ಬಂಗಾಳ ಕೊಲ್ಲಿಯ ಅಂಚಿನಲ್ಲಿ ಭಾರತ, ಬಾಂಗ್ಲಾದೇಶಗಳಿಗೆ ಹಬ್ಬಿರುವ ಮ್ಯಾಂಗ್ರೋವ್ ಕಾಡಿನ ನಾಡು ಸುಂದರಬನ. ಕಡಲ ಏರಿಕೆ ಮತ್ತು ಮೇಲಿಂದ ಮೇಲೆ ಬರುವ ಚಂಡಮಾರುತಗಳು ಬಡವರ ಬದುಕಿನ ಜೊತೆಗೆ ಮನಸ್ಸನ್ನೂ ಹೇಗೆ ಕಂಗೆಡಿಸುತ್ತವೆ ಎಂಬುದಕ್ಕೆ ಪಶ್ಚಿಮ ಬಂಗಾಳಕ್ಕೆ ಸೇರಿದ ಇದರ ಭಾಗ ಮುಖ್ಯ ಉದಾಹರಣೆ. ಅಲ್ಲಿನ 102 ದ್ವೀಪಗಳಲ್ಲಿ 54ರಲ್ಲಿ ಜನವಸತಿಯಿದೆ. ಉಬ್ಬರದ ನೀರು ಹಲವೆಡೆ ಗದ್ದೆಗಿಂತ ಎತ್ತರಕ್ಕೆ ಏರುವುದರಿಂದ, ಸುಮಾರು 3,500 ಕಿ.ಮೀ. ಉದ್ದದ ಒಡ್ಡುಗಳೇ ಊರುಗಳಿಗೆ ರಕ್ಷಣೆ. ಅವುಗಳಲ್ಲಿ ಬಹುಪಾಲು ಮಣ್ಣಿನವು.

ಕಾರಣಗಳು: 2009ರ ಮೇ 25ರಂದು ಅಪ್ಪಳಿಸಿದ ಐಲಾ ಚಂಡಮಾರುತಕ್ಕೆ ಒಡ್ಡುಗಳು ಒಡೆದವು. ಗದ್ದೆ, ಕೆರೆಗಳಿಗೆ ಉಪ್ಪುನೀರು ನುಗ್ಗಿ, ಅನೇಕ ಕಡೆ ವರ್ಷಗಟ್ಟಲೆ ಭತ್ತ ಕೈಗೆ ಹತ್ತಲಿಲ್ಲ. ಗಂಡಸರು ಕೂಲಿ ಅರಸಿ ಕೇರಳ, ತಮಿಳುನಾಡಿನವರೆಗೂ ಗುಳೆ ಹೋದರು. ಬುಲ್‌ಬುಲ್ (2019), ಅಂಫಾನ್ (2020), ಯಾಸ್ (2021) ಒಂದರ ಬೆನ್ನಿಗೊಂದು ಬಂದವು. ಅಂಫಾನ್ ಬಂದಾಗ ಕೋವಿಡ್ ಲಾಕ್‌ಡೌನ್‌ನಿಂದ ಆ ಕೂಲಿಯೂ ನಿಂತುಹೋಗಿತ್ತು.

ಪರಿಣಾಮಗಳು: ಆತಂಕ, ಖಿನ್ನತೆ, ಆಘಾತೋತ್ತರ ಒತ್ತಡ ಇಂಥ ವಿಪತ್ತುಗಳ ನಂತರ ಸಾಮಾನ್ಯ. ಸುಂದರಬನದಲ್ಲಿ ಸಾಲ, ಅಗಲಿಕೆ, ಮುಂದಿನ ಗಾಳಿಯ ಭಯ ಅವನ್ನು ಆರಲು ಬಿಡುವುದಿಲ್ಲ. ಹೊರೆಯ ದೊಡ್ಡ ಪಾಲು ಹೆಂಗಸರದು. ಸೀಗಡಿ ಮರಿ ಹಿಡಿಯಲು ಅವರು ಸೊಂಟದುದ್ದದ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬಲೆ ಎಳೆಯುತ್ತಾರೆ. ಮೊಸಳೆಯ ಭಯದ ಜೊತೆಗೆ ಚರ್ಮರೋಗವೂ ಕಾಡುತ್ತದೆ. ಗದ್ದೆ ಕೈಕೊಟ್ಟಾಗ ಏಡಿ, ಜೇನಿಗಾಗಿ ಕಾಡಿಗೆ ಹೋಗಿ ಹುಲಿಗೆ ಬಲಿಯಾದವರ ಪತ್ನಿಯರನ್ನು ‘ಬಾಘ್ ಬಿಧೊಬಾ’ (ಹುಲಿ ವಿಧವೆ) ಎಂದು ಕರೆದು, ಗಂಡನ ಸಾವಿಗೆ ಅವರನ್ನೇ ದೂರುವುದುಂಟು. ಮನೋವೈದ್ಯ ಅರಬಿಂದ ಚೌಧುರಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಳಂಕವನ್ನೂ ಅದು ತರುವ ಮಾನಸಿಕ ವೇದನೆಯನ್ನೂ ದಾಖಲಿಸಿದೆ.

ಆರೈಕೆ: ದೂರದ ದ್ವೀಪಗಳಿಂದ ಆಸ್ಪತ್ರೆ ಸೇರಲು ದೋಣಿಯೇ ಗತಿಯಾದ್ದರಿಂದ, ಊರಿನ ಆರೋಗ್ಯ ಕಾರ್ಯಕರ್ತೆಯರಿಗೆ ಆಪ್ತಸಮಾಲೋಚನೆಯ ತರಬೇತಿ ಅಗತ್ಯ. 1999ರ ಒಡಿಶಾ ಮಹಾ ಚಂಡಮಾರುತದ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂತ್ರಸ್ತರ ಮನೋಸಾಮಾಜಿಕ ಆರೈಕೆಯಲ್ಲಿ ತೊಡಗಿತ್ತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಫೋನಿನ ಮೂಲಕ ಉಚಿತ ನೆರವು ನೀಡುತ್ತದೆ. ಆದರೆ ಇಲ್ಲಿನ ಸಂಕಟದ ಬೇರು ನೆಲ ಮತ್ತು ಅನ್ನದ ನಷ್ಟದಲ್ಲಿದೆ. ಭದ್ರವಾದ ಒಡ್ಡು, ಉಪ್ಪು ತಾಳುವ ಭತ್ತದ ಬೀಜ, ಸಾಲದಿಂದ ಬಿಡುಗಡೆ, ನೆಲ ಕಳೆದುಕೊಂಡವರಿಗೆ ಮರುವಸತಿ: ಇವನ್ನು ಬಿಟ್ಟು ಮಾತ್ರೆ, ಸಾಂತ್ವನಗಳನ್ನಷ್ಟೇ ಕೊಟ್ಟರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.